ಕಿಸೆಯ ಬೆಲ್ಲ

ಅಂದು ಮಧ್ಯಾಹ್ನ ಇವರು ಊಟಕ್ಕೆ ಕುಳಿತರು, ಆದರೆ ರೊಟ್ಟಿ ಮುರಿಯಲಿಲ್ಲ. ಎರಡೂ ಕೈಗಳಿಂದ ಹೊಟ್ಟೆ ಅಮುಕಿಕೊಂಡು ತಾಟಿನ ಮೇಲೆಯೇ ಬಾಗಿದರು. ಬದನೆಕಾಯಿ ಪಲ್ಯದ ಎಣ್ಣೆ ಅಂಗಿಯ ತೋಳಿಗೆ ಹತ್ತಿತು. ನಾನು ಕಲೆಯನ್ನು ನೋಡಿದೆ. ಮುಖ ನೋಡಲಿಲ್ಲ.

“ಏನಾತ್ರಿ?”

“ಹೊಟ್ಟ್ಯಾಗ ಯಾರೋ ತೊಯ್ದ ಅರಿವಿ ಹಿಂಡಿಧಂಗ ಆಗಾಕತ್ತೈತಿ.”

ಪಕ್ಕದ ಕೋಣೆಯಲ್ಲಿ ಮಗ್ಗದ ಸದ್ದು ನಿಂತಿತು. ನಮ್ಮ ಅತ್ತೆ ಗಜೇಂದ್ರಗಡದ ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೇ ಸೊಸೆಯಾಗಿ ಬಂದವರು. ಅವರಿಗೆ ರೋಗವೆಂದರೆ ಎಳೆ ಹರಿದಂತೆ. ಎಲ್ಲಿ ಹರಿದಿದೆ ಎಂದು ಹುಡುಕಿ ಗಂಟು ಹಾಕಿದರೆ ಮುಗಿಯಿತು. ಮಗನ ಹೊಟ್ಟೆ ಮುಟ್ಟಿ ನೋಡಿ, “ಭಾರಾ ಎತ್ತಿ ಎತ್ತಿ ಬಟ್ಟಿ ಸರದೈತಿ. ಅಡ್ಡಾಗು,” ಎಂದರು. ಭಾರ ಎತ್ತಿದವರಿಗೆ ಹೊಕ್ಕುಳಿನ ಬಟ್ಟಿ ಜಾಗ ಬಿಟ್ಟು ಸರಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಇವರು ಹಳೆಯ ಬ್ಯಾಟರಿಗಳನ್ನು ಎತ್ತುತ್ತಿದ್ದದ್ದೂ ನಿಜ. ಅತ್ತೆ ಹೊಕ್ಕುಳ ಮೇಲೆ ಸಣ್ಣ ದೀಪವಿಟ್ಟು ಮೇಲೆ ತಂಬಿಗೆ ಬೋರಲು ಹಾಕಿದರು. ದೀಪ ಆರಿ, ತಂಬಿಗೆ ಹೊಟ್ಟೆಯ ಚರ್ಮವನ್ನು ಒಳಗೆಳೆದುಕೊಂಡು ಕಚ್ಚಿ ಹಿಡಿಯಿತು. ಇವರು ನಿಟ್ಟುಸಿರು ಬಿಟ್ಟರು. ಸ್ವಲ್ಪ ಕಡಿಮೆ ಆಯಿತು ಎಂದರು.

ಸಂಜೆಯ ಹೊತ್ತಿಗೆ ಮತ್ತೆ ಹಿಂಡಿತು.

ಆಮೇಲಿನ ವಾರಗಳನ್ನು ನಾನು ಈಗಲೂ ತಲೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿರುತ್ತೇನೆ. ಊರಿನ ಕ್ಲಿನಿಕ್ಕಿನಲ್ಲಿ ಆಸಿಡಿಟಿ ಎಂದರು. ರೋಣದಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಅಪೆಂಡಿಕ್ಸ್ ಇರಬಹುದು, ಇಲ್ಲದೆಯೂ ಇರಬಹುದು, ನೋವು ಹೀಗೇ ಇದ್ದರೆ ತೆರೆದು ನೋಡಬೇಕಾದೀತು ಎಂದರು. ಎಲ್ಲ ಕಡೆಯೂ ಒಂದು ಪ್ರಶ್ನೆ ಬರುತ್ತಿತ್ತು.

“ಏನ್ ಕೆಲಸಾ ಮಾಡ್ತೀರಿ?”

“ಸೋಲಾರ್ ರೀ.”

ಅಷ್ಟೇ. ಕೇಳಿದವರ ಮುಖ ತಿಳಿಯಾಗುತ್ತಿತ್ತು. ಮುಂದಿನ ಪ್ರಶ್ನೆ ಖಾರ ತಿನ್ನುತ್ತೀರಾ, ಕುಡಿಯುತ್ತೀರಾ ಎಂಬುದಕ್ಕೆ ಹೋಗುತ್ತಿತ್ತು. ಇವರು ‘ಕಲ್ಲಿನ ಕ್ರಷರ್’ ಎಂದಿದ್ದರೆ ಒಂದು ಎಕ್ಸ್‌ರೇಯಾದರೂ ಬರೆಯುತ್ತಿದ್ದರು. ಸೋಲಾರ್ ಎಂಬ ಪದಕ್ಕೆ ಯಾರೂ ಏನೂ ಬರೆಯಲಿಲ್ಲ. ಬರೆಯದವರನ್ನು ದೂರಲಾರೆ. ನಾನು ನರೇಗಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪರಿಸರದ ಮೇಲೆ ಪ್ರಬಂಧ ಬರೆಸುವಾಗ, ಹೊಗೆಯ ಕೆಲಸ ಬಿಟ್ಟು ಬೆಳಕಿನ ಕೆಲಸಕ್ಕೆ ಬಂದವರ ಉದಾಹರಣೆಯಾಗಿ ಮಕ್ಕಳ ಮುಂದೆ ನನ್ನ ಗಂಡನನ್ನೇ ನಿಲ್ಲಿಸಿದ್ದೆ.

ಯಾಕೆಂದರೆ ಮೊದಲು ಇವರಿದ್ದದ್ದು ಕಲ್ಲಿನ ಕ್ರಷರಿನಲ್ಲಿ. ಐಟಿಐ ಮುಗಿಸಿ ಅಲ್ಲಿ ಮೋಟರು, ಸ್ವಿಚ್ಚು ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. “ನನ್ನ ಮಗಾ ನನಗಿಂತಾ ಮೊದಲ ಮುದುಕಾ ಆದ,” ಎಂದು ಅತ್ತೆ ನಗುತ್ತಿದ್ದರು, ಆಮೇಲೆ ನೀರು ಕಾಯಿಸಲು ಹೋಗುತ್ತಿದ್ದರು. ಅಲ್ಲೊಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಬೆಲ್ಲದ ಪೆಂಟಿಯನ್ನು ಒಡೆದು ಎಲ್ಲರ ಅಂಗೈಗೂ ಒಂದೊಂದು ಚೂರು ಹಾಕುತ್ತಿದ್ದ. ಬೆಲ್ಲ ತಿಂದರೆ ಗಂಟಲಿನ ಧೂಳು ಅದಕ್ಕೆ ಅಂಟಿಕೊಂಡು ಹೊಟ್ಟೆಗೆ ಇಳಿಯುತ್ತದೆ, ಪುಪ್ಪುಸಕ್ಕೆ ಹೋಗುವುದಿಲ್ಲ ಎಂದು. ಮುಖಕ್ಕೆ ಟವೆಲ್ಲು ಕಟ್ಟದವರಿದ್ದರು. ಬೆಲ್ಲ ತಿನ್ನದವರು ಇರಲಿಲ್ಲ.

ಸಹನಾ ಹುಟ್ಟಿದ ಮೇಲೆ ಇವರಿಗೆ ಕೆಮ್ಮು ಹೆಚ್ಚಾಯಿತು. ನಾನು ಹಟ ಹಿಡಿದೆ. ಗದಗಿನಲ್ಲಿ ಸೌರ ವಿದ್ಯುತ್ತಿನ ಒಂದು ತರಬೇತಿ ನಡೆದಿತ್ತು, ಸೇರಿದರು, ಹಸಿರು ಅಂಚಿನ ಸರ್ಟಿಫಿಕೇಟ್ ಬಂತು. ಅದಕ್ಕೆ ಅತ್ತೆ ಕುಂಕುಮ ಹಚ್ಚಿದರು. ಹಳ್ಳಿಗಳ ಸೋಲಾರ್ ಬೀದಿದೀಪಗಳನ್ನು ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರರ ಹತ್ತಿರ ಕೆಲಸ ಸಿಕ್ಕಿತು. ಹಸಿರು ಟೀ ಶರ್ಟು ಕೊಟ್ಟರು. ಜಕ್ಕಲಿಯಲ್ಲಿ ಕಂಬ ಹತ್ತಿದರು. ನರಗುಂದದ ಕಡೆಯ ಹಳ್ಳಿಗಳಲ್ಲಿ ಪ್ಯಾನೆಲ್ ಕೂರಿಸಿದರು. ಕೆಮ್ಮು ನಿಂತಿತು. ಮನೆಯ ಮುಂದೆ ನಿಂತು ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಿ ಮಗಳಿಗೆ, “ಅವು ನಮ್ಮ ಕಾಕಾನ ಮಕ್ಕಳು. ಅವಕ್ಕ ಗಾಳಿ, ನಮಗ ಬಿಸಲ,” ಎನ್ನುತ್ತಿದ್ದರು.

ಆಮೇಲೆ ಮಲಪ್ರಭೆ ಉಕ್ಕಿ ಬಂದು ಹೊಳೆಆಲೂರಿನ ಕಡೆ ಕಂಬಗಳು ನೀರಿನಲ್ಲಿ ನಿಂತವು. ಕೆಟ್ಟುಹೋದ ಬ್ಯಾಟರಿಗಳು ಗಾಡಿ ಗಾಡಿಯಾಗಿ ನಮ್ಮ ಗಜೇಂದ್ರಗಡದಲ್ಲೇ ಇದ್ದ ಗುತ್ತಿಗೆದಾರರ ಶೆಡ್ಡಿಗೆ ಬಂದವು. ಅವುಗಳನ್ನು ಒಡೆದು, ಒಳಗಿನ ಸೀಸದ ಪ್ಲೇಟುಗಳಲ್ಲಿ ಚಲೋ ಇದ್ದದ್ದನ್ನು ಆರಿಸಿ, ಉಳಿದದ್ದನ್ನು ಕರಗಿಸಿ, ಮತ್ತೆ ಬ್ಯಾಟರಿ ಮಾಡಿ ಕಳಿಸಬೇಕು. ಕೈ ಚುರುಕಿದ್ದ ಇಬ್ಬರನ್ನು ಒಳಗೆ ಕೂರಿಸಿದರು. ಒಬ್ಬರು ನರಗುಂದದ ರಜಾಕ್. ಇನ್ನೊಬ್ಬರು ಇವರು. ಬಿಸಿಲಿನ ಕೆಲಸ ತಪ್ಪಿತಲ್ಲ, ನೆರಳಿಗೆ ಬಂದರಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು.

ಶೆಡ್ಡಿನಲ್ಲೂ ಧೂಳು ಇತ್ತು. ಕಪ್ಪು ಧೂಳು, ಸಣ್ಣ ಧೂಳು. ಕ್ರಷರಿನ ಮುಂದೆ ಅದು ಯಾವ ಲೆಕ್ಕ? ಆದರೂ ಇರಲಿ ಎಂದು ಇವರು ಹಳೆಯ ರೂಢಿಯನ್ನು ಅಲ್ಲಿಗೂ ಒಯ್ದರು. ಸಂತೆಯಿಂದ ನಾನೇ ಬೆಲ್ಲದ ಪೆಂಟಿ ತಂದು ಕೊಡುತ್ತಿದ್ದೆ. ಅದು ಶೆಡ್ಡಿನ ಕಟ್ಟೆಯ ಮೇಲೆ ಇರುತ್ತಿತ್ತು. ಸಂಜೆ ಇಬ್ಬರೂ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇವರು ಇನ್ನೊಂದು ಚೂರನ್ನು ಕಿಸೆಗೆ ಹಾಕಿಕೊಂಡು ಬರುತ್ತಿದ್ದರು. ಸಹನಾ ಬಾಗಿಲಲ್ಲೇ ಕಾದಿರುತ್ತಿದ್ದಳು. ಅಪ್ಪ ಬಗ್ಗುವುದು, ಅವಳು ಕಿಸೆಗೆ ಕೈ ಹಾಕುವುದು. ನಾಲ್ಕು ವರ್ಷದ ಹುಡುಗಿಗೆ ಸಂಜೆ ಎಂದರೆ ಅದೇ.

ಹುಬ್ಬಳ್ಳಿಗೆ ಹೋದದ್ದು ಹೊಟ್ಟೆನೋವಿಗಲ್ಲ. ಕೈಗೆ. ಒಂದು ಬೆಳಿಗ್ಗೆ ಇವರು ಚಹದ ಕಪ್ಪು ಹಿಡಿದರು, ಕಪ್ಪು ನಿಧಾನವಾಗಿ ಬಾಗಿತು, ಚಹಾ ಎಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ಇವರು ಚಹಾ ನೋಡಲಿಲ್ಲ, ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಮಣಿಕಟ್ಟಿನಿಂದ ಮುಂದೆ ಅದು ಒಣಗಿದ ಎಲೆಯಂತೆ ಜೋತುಬಿದ್ದಿತ್ತು.

“ಏಳವಲ್ದಲೇ,” ಎಂದರು. ನನಗಲ್ಲ. ಕೈಗೆ.

ಹುಬ್ಬಳ್ಳಿಯ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಮಾತು ಕಡಿಮೆ. ಹಿಮೋಗ್ಲೋಬಿನ್ ಯಾಕೆ ಇಷ್ಟು ಇಳಿದಿದೆ ಎಂದು ರಿಪೋರ್ಟು ನೋಡುತ್ತ ತಮ್ಮಷ್ಟಕ್ಕೇ ಗೊಣಗಿದರು. ಆಮೇಲೆ ಇವರ ಕಡೆ ತಿರುಗಿದರು.

“ಎರಡೂ ಕೈ ಮುಂದ ಚಾಚ್ರಿ. ಬಸ್ ನಿಲ್ಲಸಾಕ ಕೈ ಮಾಡ್ತೀರಲ್ಲ, ಹಂಗ.”

ಎಡಗೈ ಎದ್ದಿತು. ಬಲಗೈ ಜೋತುಬಿದ್ದೇ ಇತ್ತು.

ಡಾಕ್ಟರು ಇವರ ಕೆಳತುಟಿಯನ್ನು ಬೆರಳಿನಿಂದ ಜಗ್ಗಿ, ಮೊಬೈಲಿನ ಟಾರ್ಚ್ ಬಿಟ್ಟು ವಸಡು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಹಲ್ಲಿನ ಬುಡದುದ್ದಕ್ಕೂ ಒಂದು ನೀಲಿಗಪ್ಪು ಗೆರೆ, ಯಾರೋ ಪೆನ್ನಿನಿಂದ ಎಳೆದಂತೆ. ಇಷ್ಟು ದಿನ ಎದುರು ಕುಳಿತು ಉಂಡಿದ್ದೇನೆ, ನಕ್ಕಿದ್ದೇನೆ. ಕಂಡಿರಲಿಲ್ಲ.

“ಏನ್ ಕೆಲಸ?”

“ಸೋಲಾರ್ ರೀ.”

“ಸೋಲಾರದಾಗ ಏನು? ನಿಮ್ಮ ಕೈ ಏನ್ ಮಾಡ್ತಾವು, ಅದನ್ನ ಹೇಳ್ರಿ.”

ಹಾಗೆ ಯಾರೂ ಕೇಳಿರಲಿಲ್ಲ. ಇವರು, “ಬ್ಯಾಟರಿ ಒಡೀತಾವ್ರಿ. ಸೀಸಾ ಕರಗಸ್ತಾವ್ರಿ,” ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಲೆಡ್ ಪಾಯ್ಸನಿಂಗ್ ಇದ್ದಂತಿದೆ, ಬ್ಲಡ್ ಲೆಡ್ ಲೆವೆಲ್ ಕಳಿಸೋಣ, ಆದರೆ ಅದು ಬರುವವರೆಗೆ ಕಾಯುವುದು ಬೇಡ, ಅಡ್ಮಿಟ್ ಆಗಿ ಎಂದರು. ಸೀಸ ಮೈಯೊಳಗೆ ಹೋಗಿ ಹೊಟ್ಟೆ ಹಿಂಡುತ್ತದೆ, ರಕ್ತ ಕಡಿಮೆ ಮಾಡುತ್ತದೆ, ನರ ಹಿಡಿಯುತ್ತದೆ. ರೋಣದಲ್ಲಿ ಹೊಟ್ಟೆ ತೆರೆದಿದ್ದರೆ ಏನು ಸಿಗುತ್ತಿತ್ತು? ಏನೂ ಇಲ್ಲ. ಹೊಲಿದು ಕಳಿಸುತ್ತಿದ್ದರು. ಇವರು ಮತ್ತೆ ಶೆಡ್ಡಿಗೆ ಹೋಗುತ್ತಿದ್ದರು.

“ಕೆಲಸದ ಜಾಗಾದಾಗ ಏನರ ತಿಂತಿದ್ರೇನು?”

“ಇಲ್ರಿ. ಊಟಕ್ಕ ಮನೀಗೆ ಹೋಗ್ತಿದ್ದೆ. ಧೂಳಿಗೆ ಅಂತ ಬೆಲ್ಲ ಅಷ್ಟ ರೀ.” ಇವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಎಚ್ಚರಿಕೆ ತೆಗೆದುಕೊಂಡವನ ಹೆಮ್ಮೆ.

“ಬೆಲ್ಲಾ ಯಾವುದರ್ಲೆ ಒಡೀತಿದ್ರಿ?”

ಇವರು ನನ್ನ ಮುಖ ನೋಡಿದರು. ಆಮೇಲೆ ನೆಲ.

“ಅದ ಸುತ್ತಿಗಿಲೇ ರೀ.”

ಬ್ಯಾಟರಿ ಒಡೆದ ಸುತ್ತಿಗೆ.

ಡಾಕ್ಟರು ಬೈಯಲಿಲ್ಲ. ಕೈ ತೊಳೆಯುತ್ತಿದ್ದಿರೋ ಇಲ್ಲವೋ ಎಂದೂ ಕೇಳಲಿಲ್ಲ. ಬೇರೆ ಪ್ರಶ್ನೆ ಕೇಳಿದರು. ಅದನ್ನು ಕೇಳುವಾಗ ಇವರನ್ನು ಬಿಟ್ಟು ನನ್ನ ಕಡೆ ನೋಡಿದರು.

“ಮನ್ಯಾಗ ಸಣ್ಣ ಮಕ್ಕಳು ಅದಾವೇನ್ರಿ?”

ನಾನು ಹೊರಗೆ ಓಡಿದೆ. ವರಾಂಡದಲ್ಲಿ ನಿಂತು ಅತ್ತೆಗೆ ಫೋನ್ ಹಚ್ಚಿದೆ.

“ಅತ್ತಿ, ಸಹನಾ ಎಲ್ಲಿ ಅದಾಳ್ರಿ?”

“ಇಲ್ಲೇ ಅದಾಳ, ಯಾಕ? ಅಪ್ಪಾ ಬೇಕು ಅಂತ ಮುಂಜಾನಿಂದ ಒಂದ ಸವನ ಅಳಾಕತ್ತಿದ್ಲು. ಅವನ ಅಂಗಿ ಗೂಟಕ್ಕಿತ್ತಲ್ಲ, ಕಿಸೇದಾಗ ಬೆಲ್ಲದ ಚೂರಿತ್ತು. ಅದನ್ನ ಕೊಟ್ಟೀನಿ. ಈಗ ಸುಮ್ನಾತು ನೋಡು.”

ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಕೂಗಿದೆನಂತೆ. ಬಾಯಿಂದ ತೆಗೀರಿ, ತೆಗೀರಿ ಎಂದೆನಂತೆ. ವರಾಂಡದಲ್ಲಿದ್ದವರೆಲ್ಲ ಎದ್ದು ನಿಂತರಂತೆ. ಆಗಲೇ ನುಂಗಿದ್ದ ಬೆಲ್ಲಕ್ಕಾಗಿ ಅತ್ತೆ ಮೊಮ್ಮಗಳ ಬಾಯೊಳಗೆ ಬೆರಳು ಹಾಕಿದರು. ಆ ಬೆರಳಿನ ಮೇಲೆ ಸಣ್ಣ ಹಲ್ಲುಗಳ ಗುರುತು ಹಲವು ದಿನ ಇತ್ತು.

ಮರುದಿನ ಅವರು ಸಹನಾಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು. ರಕ್ತ ತೆಗೆದರು. ಇಲ್ಲಿ ಆ ಟೆಸ್ಟ್ ಆಗುವುದಿಲ್ಲ, ದೂರದ ಲ್ಯಾಬಿಗೆ ಹೋಗಬೇಕು, ಕಾಯಬೇಕು ಎಂದರು. ದೊಡ್ಡವರಿಗೆ ಹೊಟ್ಟೆ, ಕೈ ಹಿಡಿಯುವ ಸೀಸ ಸಣ್ಣ ಮಕ್ಕಳಿಗೆ ಮಿದುಳಿಗೆ ಹೋಗುತ್ತದೆ. ಇವರ ಕೈ ತಿರುಗಿ ಬರಬಹುದು. ಮಗುವಿನ ಬುದ್ಧಿಗೆ ಆದದ್ದು ತಿರುಗಿ ಬರುತ್ತದೆಂದು ಹೇಳಲಾಗದು. ಡಾಕ್ಟರು ಇದನ್ನು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಕಾಯುವ ದಿನಗಳಲ್ಲಿ ನಾನು ಇವರ ಹಾಸಿಗೆಯ ಪಕ್ಕ ಕುಳಿತಿರುತ್ತಿದ್ದೆ, ಕಣ್ಣು ಮಾತ್ರ ಮಗಳ ಮೇಲೆ. ಅವಳು ಚಪ್ಪಲಿ ತಿರುವುಮುರುವು ಹಾಕಿಕೊಂಡಳು. ಸೀಸವೇ? ಕರೆದರೆ ತಿರುಗಲಿಲ್ಲ. ಸೀಸವೇ? ಎರಡು ತಿಂಗಳ ಹಿಂದೆ ಬಾಲವಾಡಿಯ ಟೀಚರ್, ನಿಮ್ಮ ಹುಡುಗಿ ಈಚೆಗೆ ಹಾಡು ಮರೆಯುತ್ತಾಳೆ ಎಂದಿದ್ದರು. ಆಗ ನಕ್ಕಿದ್ದೆ, ಅವರಪ್ಪನಂತೆ ಎಂದಿದ್ದೆ. ಈಗ ಆ ಹಾಡನ್ನು ಮತ್ತೆ ಮತ್ತೆ ಹೇಳಿಸಿದೆ. ಪೂರ್ತಿ ಹೇಳಿದಳು. ಇನ್ನೊಮ್ಮೆ ಹೇಳು ಎಂದೆ. “ನೀ ಮರತೀಯೇನಬೇ?” ಎಂದು ಕೇಳಿದಳು.

ಇವರಿಗೆ ಡ್ರಿಪ್‌ನಲ್ಲಿ ಔಷಧ ಹೋಗುತ್ತಿತ್ತು. ಅದು ರಕ್ತದೊಳಗಿನ ಸೀಸವನ್ನು ಕಟ್ಟಿಕೊಂಡು ಮೂತ್ರದಲ್ಲಿ ಹೊರಗೆ ಒಯ್ಯುತ್ತದೆ ಎಂದು ನರ್ಸ್ ತಿಳಿಸಿದಾಗ ಇವರು ಗೋಡೆ ಕಡೆ ಮುಖ ತಿರುಗಿಸಿದರು. ಬೆಲ್ಲದ ಬಗ್ಗೆ ಕ್ರಷರಿನಲ್ಲಿ ಹೇಳುತ್ತಿದ್ದದ್ದೂ ಅದೇ ಮಾತು. ಕಟ್ಟಿಕೊಂಡು ಇಳಿಯುತ್ತದೆ. ಹೊಟ್ಟೆಗೆ ಇಳಿದರೆ ಒಳ್ಳೆಯದು ಎಂದು ನಂಬಿದ ಮನುಷ್ಯ, ಹೊಟ್ಟೆಗೆ ಇಳಿದದ್ದರಿಂದಲೇ ಮಲಗಿದ್ದ. ಸಹನಾ ಹತ್ತಿರ ಬಂದರೆ ಇವರು ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರು.

ಗುತ್ತಿಗೆದಾರರು ಸೇಬು ಹಿಡಿದುಕೊಂಡು ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ. ಗಾಬರಿಯಾಗಿದ್ದರು.

“ನಾವು ಗ್ಲೋವ್ಸ್, ಮಾಸ್ಕ್ ಎಲ್ಲಾ ತರಿಸಿದ್ವಲ್ಲೋ ವೀರೇಶ?”

“ತರಿಸಿದ್ರಿ ಅಣ್ಣಾರ. ಫೋಟೋ ಹೊಡದ ಮ್ಯಾಲೆ ತಿರುಗಿ ಕಪಾಟಿನ್ಯಾಗ ಇಟ್ರಿ.”

ಅವರು ಸೇಬಿನ ಚೀಲವನ್ನು ಮೇಜಿನ ಮೇಲೆ ಸರಿಸಿದರು. ಅತ್ತೆ ಮೂಲೆಯಿಂದಲೇ, “ಸೇಬು ತೊಳದ ತಂದೀರೇನ್ರಿ, ಇಲ್ಲಾ ನಿಮ್ಮ ಶೆಡ್ಡಿನ್ಯಾಗ ಇಟ್ಟು ತಂದೀರೋ?” ಎಂದರು. ನನಗೆ ನಗು ಬಂತು. ಎಷ್ಟು ದಿನದ ಮೇಲೆ. ನಗು ನಿಲ್ಲಲಿಲ್ಲ, ಆಮೇಲೆ ಅದು ಅಳುವಾಗಿತ್ತು.

ರಜಾಕ್‌ಗೂ ಫೋನ್ ಮಾಡಿದೆ. ಅವರ ಮನೆಯಲ್ಲೂ ಕೂಸುಗಳಿವೆ. ರಕ್ತ ತೋರಿಸಿರಿ, ಎಲ್ಲರದ್ದೂ, ಲಗೂ ತೋರಿಸಿರಿ ಎಂದೆ.

“ನನಗೇನೂ ಆಗಿಲ್ಲಲ್ರಿ ವೈನಿ. ಗಟ್ಟಿಮುಟ್ಟ ಅದೀನಿ.”

“ಕೈ ಮುಂದ ಚಾಚಿ ನೋಡ್ರಿ. ವಸಡು ನೋಡಿಕೊಳ್ರಿ.”

ಫೋನ್ ಕೆಳಗಿಟ್ಟ ಸದ್ದು ಕೇಳಿತು. ಕನ್ನಡಿಯ ಮುಂದೆ ಹೋಗಿದ್ದರೇನೋ. ತಿರುಗಿ ಬಂದ ದನಿ ಬೇರೆಯಾಗಿತ್ತು.

“ತೋರಸ್ತೀನ್ರಿ ವೈನಿ. ಆದ್ರ ಒಂದು ಹೇಳ್ರಿ. ಕ್ರಷರಿಗೆ ಹೋದ್ರ ಪುಪ್ಪುಸ ಹೋಗ್ತೈತಿ, ಇಲ್ಲಿ ಇದ್ರ ರಕ್ತ ಕೆಡತೈತಿ. ಯಾವುದು ಸಾವಕಾಶ ಕೊಲ್ಲತೈತಿ, ಅದಕ್ಕ ಹೋಗಬೇಕೇನು?”

ಒಂದು ಕೆಲಸ ಕೊಳಕು, ಇನ್ನೊಂದು ಶುದ್ಧ ಎಂದು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಟೀ ಶರ್ಟಿನ ಬಣ್ಣ ನೋಡಿ ಹೇಳಿದ್ದೆ. ಕೊಳಕು ಕೆಲಸದಲ್ಲಿ ಧೂಳು ಹುಬ್ಬಿನ ಮೇಲೆ ಕೂರುತ್ತಿತ್ತು, ನೀರು ಕಾಯಿಸಿ ತೊಳೆಯುತ್ತಿದ್ದೆವು. ಶುದ್ಧ ಕೆಲಸದ್ದು ಕಿಸೆಯಲ್ಲಿ ಕುಳಿತು ಮನೆಗೆ ಬರುತ್ತಿತ್ತು, ಅದನ್ನು ನಾವು ಸಿಹಿ ಎಂದುಕೊಂಡಿದ್ದೆವು.

ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನೊಬ್ಬಳನ್ನೇ ಕರೆದರು.

“ಕುಂದರ್ರಿ. ಮಗಳ ರಕ್ತದಾಗ ಸೀಸ ಐತಿ.”

ನಾನು ಕೂರಲಿಲ್ಲ.

“ಇರಬಾರದಿತ್ತು, ಐತಿ. ಆದ್ರ ಇಂಜೆಕ್ಷನ್ ಕೊಡುವಷ್ಟಿಲ್ಲ. ಒಳಗ ಹೋಗೂದು ನಿಂತ್ರ ತಾನ ಇಳೀತೈತಿ. ಐರನ್ ಸಿರಪ್ ಕೊಡ್ತೀನಿ. ಹಾಲು, ತತ್ತಿ, ಸೊಪ್ಪು ಹಾಕ್ರಿ. ಮತ್ತ ಮತ್ತ ರಕ್ತಾ ನೋಡೂಣು.”

“ಬುದ್ಧಿಗೆ ಏನರ...”

ಅವರು ಸುಳ್ಳು ಹೇಳಲಿಲ್ಲ. “ಈಗ ಹೇಳಾಕ ಬರಂಗಿಲ್ಲ. ಲಕ್ಷಣ ಏನೂ ಕಾಣವಲ್ದು. ಲಗೂ ಸಿಕ್ಕೈತಿ. ಅಪ್ಪನ ಕೈ ಬೀಳಲಿಲ್ಲ ಅಂದಿದ್ರ ಇದು ಸಿಗತಿದ್ದಿಲ್ಲ, ಅಷ್ಟ ತಿಳಕೊಳ್ರಿ.”

ಇದನ್ನು ಇವರಿಗೆ ಹೇಳಿದೆ. ಇವರು ತಮ್ಮ ಜೋತುಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲ ಸಲ ಅದನ್ನು ಎಡಗೈಯಿಂದ ಸವರಿದರು.

ಈಗ ಮನೆಯಲ್ಲಿದ್ದೇವೆ. ಕೆಲಸದ ಬಟ್ಟೆಗಳನ್ನೆಲ್ಲ ತೆಗೆದು ಹಾಕಿದೆವು. ಮನೆಯನ್ನು ಹಸಿ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಉಳಿದ ಅಂಗಿಗಳ ಕಿಸೆಗಳನ್ನು ಅತ್ತೆ ಕೂತು ಒಂದೊಂದಾಗಿ ಹೊಲಿದು ಮುಚ್ಚಿದರು, ಬಾಯಿ ಬಿಟ್ಟದ್ದು ಒಂದೂ ಇರದಂತೆ. ಯಾರೂ ಅವರಿಗೆ ಹೇಳಿರಲಿಲ್ಲ. ಗುತ್ತಿಗೆದಾರರು ಶೆಡ್ಡಿನಲ್ಲಿ ಬ್ಯಾಟರಿ ಒಡೆಯುವುದನ್ನು ನಿಲ್ಲಿಸಿದ್ದಾರೆ. ಬ್ಯಾಟರಿಗಳು ಬೇರೆ ಎಲ್ಲಿಗೋ ಹೋಗುತ್ತಿವೆ, ಅಲ್ಲಿ ಬೇರೆ ಯಾರೋ ಒಡೆಯುತ್ತಿರುತ್ತಾರೆ. ಕೈ ಬಂದರೆ ಪ್ಯಾನೆಲ್ ಕೂರಿಸುವ ಕೆಲಸಕ್ಕೆ ಮತ್ತೆ ಬಾ ಎಂದು ಇವರಿಗೆ ಹೇಳಿಕಳಿಸಿದ್ದಾರೆ. ಕ್ರಷರಿನಿಂದಲೂ ಕರೆ ಬಂದಿದೆ. ಅಲ್ಲಿ ಕೈ ಬಂದರೂ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ. ಸೋಲಾರ್ ಕೆಲಸವಾದರೆ ಕಂಬದ ಮೇಲಿನದೇ ಇರಲಿ, ಶೆಡ್ಡಿನ ಒಳಗಿನದು ಬೇಡ, ಇಷ್ಟು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ರಜಾಕ್ ರಕ್ತ ಕೊಟ್ಟು ಬಂದಿದ್ದಾರೆ. ಅವರ ಮಕ್ಕಳದ್ದೂ ಹೋಗಿದೆ. ರಿಪೋರ್ಟ್ ಇನ್ನೂ ಬಂದಿಲ್ಲ.

ಸಂಜೆಯಾದರೆ ಸಹನಾಳ ಕೈ ಇನ್ನೂ ಅಪ್ಪನ ಕಿಸೆಯ ಕಡೆ ಹೋಗುತ್ತದೆ. ಹೊಲಿಗೆ ತಾಗಿ ನಿಲ್ಲುತ್ತದೆ. ಮೊದಮೊದಲು ಅತ್ತಳು. ಆಮೇಲೆ ಅವಳಿಗೆ ಇನ್ನೊಂದು ಆಟ ಸಿಕ್ಕಿತು. ಮಣಿಕಟ್ಟು ಎತ್ತುವ ವ್ಯಾಯಾಮ ಮಾಡುವಾಗ ಇವರು, ಡಾಕ್ಟರು ಹೇಳಿದ ಬಸ್ಸಿನ ಮಾತನ್ನು ಒಮ್ಮೆ ಹೇಳಿದ್ದರು. ಅವತ್ತಿನಿಂದ ಅವಳೇ ಬಸ್ಸು. ಮಗ್ಗದ ಕೋಣೆಯಿಂದ ಗುರ್ ಎನ್ನುತ್ತ ಓಡಿ ಬರುತ್ತಾಳೆ. ಇವರು ಕಟ್ಟೆಯ ಮೇಲೆ ಕುಳಿತು ಬಲಗೈ ಚಾಚಬೇಕು. ಕೈ ಏಳದಿದ್ದರೆ ಬಸ್ಸು ನಿಲ್ಲುವುದಿಲ್ಲ. “ರೋಣದ ಗಾಡಿ ಹೋತು, ನಾಳೆ ಬಾ!” ಎಂದು ಕೂಗುತ್ತ ಮುಂದೆ ಹೋಗಿಬಿಡುತ್ತಾಳೆ. ಎಷ್ಟೋ ದಿನ ಹೋಗಿಬಿಟ್ಟಳು. ನಾನು ಬೇಡ ಅಂದರೆ ಕೇಳುವುದಿಲ್ಲ. ಇವರೂ ಬೇಡ ಅನ್ನುವುದಿಲ್ಲ.

ನಿನ್ನೆ ಸಂಜೆ ಬಸ್ಸು ಬಂತು. ಇವರು ಕೈ ಚಾಚಿದರು. ಹಣೆಯಲ್ಲಿ ಬೆವರು. ಬೆರಳುಗಳು ನಡುಗಿದವು, ಮಣಿಕಟ್ಟು ಮೆಲ್ಲಗೆ ಎದ್ದಿತು, ಅರ್ಧಕ್ಕೆ ಬಂದು ನಿಂತಿತು. ಪೂರ್ತಿ ಏಳಲಿಲ್ಲ. ಅತ್ತೆ ಒಳಗೆ ಲಾಳಿ ಹಿಡಿದುಕೊಂಡೇ ಕತ್ತು ಹೊರಳಿಸಿ ನೋಡುತ್ತಿದ್ದರು.

ಸಹನಾ ಓಡಿ ಬಂದವಳು ಗಕ್ಕನೆ ನಿಂತಳು. ಆ ಕೈಯನ್ನು ಒಂದು ಕ್ಷಣ ನೋಡಿದಳು.

“ನಿಂತೈತಿ,” ಎಂದಳು. “ಹತ್ತಪಾ, ಲಗೂ ಹತ್ತು.”